ರೆಲೆವೆಂಟ್ ಪದ ಮೀಮಾಂಸೆ

ಸರ್ಕಾರಿ ಕೌಂಟರಿನ ಭಾಷಿಕ ಪರಿಪ್ರೇಕ್ಷ್ಯದಲ್ಲಿ ‘ರೆಲೆವೆಂಟ್’ ಎಂಬ ವಿಶೇಷಣವು ‘ಡಾಕ್ಯುಮೆಂಟ್ಸ್’ ಎಂಬ ವಿಶೇಷ್ಯದೊಡನೆ ಸಮವಾಯ ಸಂಬಂಧದಲ್ಲಿರುತ್ತದೆ. ‘ರೆಲೆವೆಂಟ್ ಡಾಕ್ಯುಮೆಂಟ್ಸ್ ತಗೊಂಬನ್ನಿ’ ಎಂಬುದೇ ಈ ದರ್ಶನದ ಮಹಾವಾಕ್ಯ. ಇನ್ನು ಲಕ್ಷಣ: ಅರ್ಜಿದಾರರ ಬಳಿ ಯಾವ ಕಾಗದ ಇಲ್ಲವೋ ಅದು ರೆಲೆವೆಂಟ್. ತಂದುಕೊಟ್ಟ ಕ್ಷಣವೇ ಅದರ ರೆಲೆವೆಂಟತ್ವ ನಾಶವಾಗಿ ಮತ್ತೊಂದು ಕಾಗದಕ್ಕೆ ಸಂಕ್ರಮಿಸುತ್ತದೆ.

ಇದು ಏಳು ವಿಧ. ಮೊದಲನೆಯದು ಪ್ರಾಗ್-ರೆಲೆವೆಂಟ್: ‘ಮೊದಲೇ ತರಬೇಕಿತ್ತು’ ಅನ್ನಿಸಿಕೊಳ್ಳುವುದು. ಎರಡನೆಯದು ಜೆರಾಕ್ಸ್-ರೆಲೆವೆಂಟ್. ಇದರಲ್ಲಿ ದೃಢೀಕೃತ, ಅದೃಢೀಕೃತ, ಅರ್ಧದೃಢೀಕೃತ... ಉಳಿದ ಐದನ್ನು ಪಿಎಚ್‌ಡಿ ಮಾಡುವವರಿಗೆ ಬಿಟ್ಟಿದ್ದೇನೆ.

ಪೂರ್ವಾಚಾರ್ಯರಲ್ಲಿ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್ ಪ್ರಮುಖರು. ಅವರು ಕರಡು ಬರೆದ 1872ರ ಸಾಕ್ಷ್ಯ ಅಧಿನಿಯಮದ 3ನೇ ಕಲಮಿನಲ್ಲಿ ಒಂದು ಸಂಗತಿ ಇನ್ನೊಂದಕ್ಕೆ ರೆಲೆವೆಂಟ್ ಆಗುವುದು ಯಾವಾಗ? ರೆಲೆವೆನ್ಸಿ ಕುರಿತ ಕಲಮುಗಳು ಹೇಳುವ ಯಾವುದಾದರೊಂದು ಬಗೆಯಲ್ಲಿ ಅವೆರಡಕ್ಕೂ ನಂಟಿದ್ದಾಗ! ತಾರ್ಕಿಕರು ಇದನ್ನು ಆತ್ಮಾಶ್ರಯ ದೋಷ ಎಂದಾರು. ಆದರೆ ಪುಣ್ಯಾತ್ಮ ಅಲ್ಲಿಗೇ ಕೈತೊಳೆದುಕೊಳ್ಳಲಿಲ್ಲ. 5ರಿಂದ 55ನೇ ಕಲಮಿನವರೆಗೆ ಆ ಬಗೆಗಳನ್ನು ಒಂದೊಂದಾಗಿ ಬಿಡಿಸಿ, ಎಷ್ಟೋ ಕಡೆ ಉದಾಹರಣೆ ಸಮೇತ ಇಟ್ಟರು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಈ ಭಾಗ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಕೊಲೆ ಆರೋಪಿಗೂ ತನ್ನ ಕೇಸಿಗೆ ಯಾವುದು ಸಂಬಂಧಪಟ್ಟದ್ದು ಅಂತ ತಿಳಿಯಲು ಪುಸ್ತಕ ಉಂಟು.

ಗಂಡ ತೀರಿಕೊಂಡ ಮೇಲೆ ಪೌತಿ ಖಾತೆ ಕೇಳಲು ಬಂದ ಹೆಂಗಸಿಗೆ ಯಾವ ಪುಸ್ತಕ? ಸರದಿಯಲ್ಲಿ ನನ್ನ ಮುಂದೆ ನಿಂತಿದ್ದ ಆಕೆಯ ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಆಧಾರ್ ಎಲ್ಲ ಇದ್ದವು. ಗಂಡನ ಹೆಸರು ಪಹಣಿಯಲ್ಲಿ ಮಹಾಪ್ರಾಣ, ಮರಣಪತ್ರದಲ್ಲಿ ಅಲ್ಪಪ್ರಾಣ. ಪ್ರಾಣವೇ ಹೋದವನಿಗೆ ಈ ವ್ಯಾಜ್ಯ! ಕೈಗೆ ಬಂದ ಹಿಂಬರಹದಲ್ಲಿ ಅದರ ಸೊಲ್ಲೂ ಇಲ್ಲ. ಒಂದೇ ಸಾಲು: ‘ಸಂಬಂಧಪಟ್ಟ ದಾಖಲೆಗಳನ್ನು ಲಗತ್ತಿಸಿರುವುದಿಲ್ಲ.’

ಯಾವ ದಾಖಲೆ ರೀ? ಹೆಸರು ಬರೆದರೆ ಪೆನ್ನು ಸವೆಯುತ್ತಿತ್ತೇ? ‘ಎರಡೂ ಹೆಸರು ಒಬ್ಬನದೇ ಎಂದು ಅಫಿಡವಿಟ್ ಕೊಡಿ’ ಅಂತ ಅದೇ ಜಾಗದಲ್ಲಿ ಬರೆಯಬಹುದಿತ್ತು. ಆಕೆ ಬಸ್ ಚಾರ್ಜು ಕೊಟ್ಟು, ಆ ದಿನದ ಕೂಲಿ ಬಿಟ್ಟು ಬಂದವಳು.

ಕೊನೆಗೆ ಅದನ್ನು ಹೇಳಿದವನು ಕಾಂಪೌಂಡಿನ ಹೊರಗೆ ಅರ್ಜಿ ಬರೆದುಕೊಡುವವನು. ಎರಡೂ ಕಾಗದ ಅಕ್ಕಪಕ್ಕ ಹಿಡಿದು ನೋಡಿ, ನಿಮಿಷದಲ್ಲಿ ಹೇಳಿದ. ಐವತ್ತು ರೂಪಾಯಿ ತಗೊಂಡ.