ರದ್ದಿಗೆ ಹೋದ ಮ್ಯಾನ್ಯುಯಲ್ಲು

"ಅಲ್ಲಾ ಮೇಷ್ಟ್ರೇ, ಕೊಟ್ಟೇಬಿಟ್ರಾ? ಕಾಂಪೌಂಡ್ ಹತ್ರ ಬಂದು ಒಂದು ಕೂಗು ಹಾಕಿದ್ರೆ ನಾನೇ ಇಸ್ಕೋತಿದ್ದೆ. ವರ್ಡ್‌ಸ್ಟಾರ್ ಪುಸ್ತಕ, ಡಿಬೇಸ್ ಪುಸ್ತಕ, ಎಲ್ಲಾನೂ ಹಳೇ ಪೇಪರ್ ಜೊತೆ ತಕ್ಕಡಿಗೆ ಹಾಕಿಸಿದ್ರಂತೆ!"

"ಇಟ್ಕೊಂಡು ಏನು ಮಾಡ್ಲಿ ಸ್ವಾಮಿ? ಆ ಸಾಫ್ಟ್‌ವೇರೇ ಸತ್ತು ಯಾವ ಕಾಲ ಆಯ್ತು. ಕಪಾಟಿನ ತುಂಬ ಜಿರಳೆ."

"ಸತ್ತಿರಬಹುದು. ಆದ್ರೆ ನನಗೆ ಅನ್ನ ಹಾಕಿದ್ದು ಅದೇ. ಮೌಸ್ ಇಲ್ಲದ ಕಾಲ. ಫೈಲ್ ಸೇವ್ ಮಾಡೋಕೆ ಕಂಟ್ರೋಲ್ ಹಿಡಿದು ಕೆ, ಆಮೇಲೆ ಎಸ್. ಬ್ಲಾಕ್ ಶುರುವಿಗೆ ಕೆ ಬಿ, ಕೊನೆಗೆ ಕೆ ಕೆ. ಸ್ಕ್ರೀನಿನ ಮೇಲ್ಭಾಗದಲ್ಲಿ ಈ ಕಮಾಂಡುಗಳದ್ದೇ ಪಟ್ಟಿ. ಕಲೀತಾ ಕಲೀತಾ ಹೆಲ್ಪ್ ಲೆವೆಲ್ಲನ್ನ 3ರಿಂದ 2ಕ್ಕೆ, 1ಕ್ಕೆ ಇಳಿಸ್ತಾ ಹೋದ್ರೆ ಪಟ್ಟಿ ಕರಗಿ ಬರೆಯೋಕೆ ಜಾಗ ಸಿಗೋದು. ಸೊನ್ನೆಗೆ ಇಳಿಸಿದವನಿಗೆ ನಮ್ಮ ಟೈಪಿಂಗ್ ಅಂಗಡೀಲಿ ಏನು ಮರ್ಯಾದೆ ಅಂತೀರಿ!"

"ನೋಡಿ, ಹೆಲ್ಪು ಆಗ್ಲೇ ಸ್ಕ್ರೀನಲ್ಲೇ ಇತ್ತು ಅಂತ ನೀವೇ ಹೇಳ್ತಿದೀರಿ. ಮತ್ತೆ ಪುಸ್ತಕ ಯಾಕೆ?"

"ಸ್ಕ್ರೀನು ಕೇಳಿದ್ದನ್ನ ಮಾತ್ರ ಹೇಳತ್ತೆ. ನಾನು ಪುಟಸಂಖ್ಯೆ ಹಾಕೋದು ಹೇಗೆ ಅಂತ ಪುಸ್ತಕ ತಿರುವಿ ಹಾಕ್ತಿದ್ದೆ, ಕಣ್ಣಿಗೆ ಬಿತ್ತು ಮೇಲ್‌ಮರ್ಜು. ಲಗ್ನಪತ್ರಿಕೆ ಕವರಿನ ಮೇಲೆ ಕೈಯಲ್ಲಿ ವಿಳಾಸ ಬರೀತಿದ್ದ ಹುಡುಗನಿಗೆ ಅವತ್ತಿಂದ ಬಿಡುಗಡೆ. ಅಂಥದ್ದೊಂದಿದೆ ಅಂತಲೇ ತಿಳೀದವನು ಸರ್ಚ್ ಬಾಕ್ಸಲ್ಲಿ ಏನಂತ ಟೈಪ್ ಮಾಡ್ತಾನೆ?"

"ಅದೇನೋ ಸರಿ. ಆದ್ರೆ ಕಣ್ಣು ಕಾಣದ ನನ್ನ ಶಿಷ್ಯ ಒಬ್ಬ ಬ್ಯಾಂಕಲ್ಲಿದಾನೆ. ಸ್ಕ್ರೀನ್ ರೀಡರ್ ಹಾಕ್ಕೊಂಡು ಹೆಲ್ಪ್ ಪುಟಗಳನ್ನೆಲ್ಲ ಕಿವೀಲೇ ಓದ್ತಾನೆ, ಅದೂ ನಮ್ಮ ಎರಡರಷ್ಟು ವೇಗವಾಗಿ. ನಿಮ್ಮ ದಪ್ಪ ಪುಸ್ತಕ ಅವನಿಗೇನು ಮಾಡತ್ತೆ?"

"ಅದಕ್ಕೆ ನನ್ನ ಹತ್ರ ಎದುರುತ್ತರ ಇಲ್ಲ, ಒಪ್ಪಿದೆ. ಆದ್ರೂ ಮೆಷಿನ್ನೇ ಆನ್ ಆಗದ ದಿನ, ಸರಿಮಾಡೋ ವಿಧಾನ ಅದರ ಹೊಟ್ಟೆಯೊಳಗೇ ಇದ್ರೆ? ಬೀಗದಕೈ ಪೆಟ್ಟಿಗೆಯೊಳಗಿಟ್ಟು ಬೀಗ ಜಡಿದ ಹಾಗೆ."

"ಮೊಬೈಲಲ್ಲಿ ನೋಡ್ತಾರಪ್ಪ."

"ಹೂಂ, ಅದೂ ಹೌದು ಬಿಡಿ."

"ಕಂಪನಿಯವರು ಪುಸ್ತಕ ನಿಲ್ಸಿದ್ದು ಅಚ್ಚಿನ ಖರ್ಚಿಗೆ. ಇದರಲ್ಲಿ ತತ್ವ ಏನಿದೆ?"

"ಖರ್ಚೂ ಹೌದು. ಆದ್ರೆ ಪುಸ್ತಕ ಪ್ರೆಸ್ಸಿಗೆ ಹೋಗ್ಬೇಕಾದ್ರೆ ಸಾಫ್ಟ್‌ವೇರ್ ಒಂದು ಕಡೆ ನಿಲ್ಬೇಕಲ್ಲ? ಈಗಿನದು ನಿಲ್ಲೋದೇ ಇಲ್ಲ, ರಾತ್ರಿ ಮಲಗಿ ಬೆಳಿಗ್ಗೆ ಏಳೋದ್ರೊಳಗೆ ಮೆನುವೇ ಬದಲಾಗಿರತ್ತೆ. ನೀವು ಗಣಿತದವರು, ಇದು ನಿಮಗೆ ಹಿಡಿಸತ್ತೆ ಕೇಳಿ. ಸ್ಟ್ಯಾನ್‌ಫರ್ಡಿನ ಡೊನಾಲ್ಡ್ ಕ್ನೂತ್, ಪುಸ್ತಕ ಜೋಡಿಸೋಕೆ ಟೆಕ್ ಅಂತ ಸಾಫ್ಟ್‌ವೇರ್ ಮಾಡಿದ್ರು. ಅದರ ಮ್ಯಾನ್ಯುಯಲ್ 'ದಿ ಟೆಕ್‌ಬುಕ್' 1984ರದ್ದು. 1990ರಲ್ಲಿ 'ಇನ್ಮೇಲೆ ತಪ್ಪು ತಿದ್ದೋದು ಮಾತ್ರ, ಹೊಸದೇನೂ ಸೇರಿಸಲ್ಲ' ಅಂದುಬಿಟ್ರು. ಆಮೇಲೆ ತಿದ್ದಿದಾಗೆಲ್ಲ ವರ್ಷನ್ ನಂಬರಿಗೆ ಪೈ ಬೆಲೆಯ ಒಂದೊಂದು ಅಂಕೆ ಸೇರತ್ತೆ. 3.14, 3.141, ಹೀಗೇ ಹೋಗಿ ಈಗ 3.141592653ಕ್ಕೆ ಬಂದಿದೆ."

"ಭೇಷ್! ಪೂರ್ತಿ ಪೈ ಯಾವತ್ತು?"

"ಅವರು ಕಣ್ಮುಚ್ಚಿದ ಮೇಲಂತೆ. ಆಮೇಲೂ ತಪ್ಪು ಉಳಿದಿದ್ರೆ ಅದನ್ನ ಗುಣ ಅಂತಲೇ ಲೆಕ್ಕಕ್ಕೆ ತಗೋಬೇಕಂತೆ. ಪುಸ್ತಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ 2008ರ ತನಕ 2 ಡಾಲರ್ 56 ಸೆಂಟಿನ ಚೆಕ್ ಕಳಿಸ್ತಿದ್ರು. ಎಷ್ಟೋ ಜನ ಬ್ಯಾಂಕಿಗೆ ಹಾಕದೆ ಗೋಡೆಗೆ ನೇತುಹಾಕಿದಾರೆ."

"256 ಸೆಂಟು, ಅಂದ್ರೆ ಎರಡರ ಎಂಟನೇ ಘಾತ. ಮೇಷ್ಟ್ರ ಬುದ್ಧಿ!"

"1971ರ ಯುನಿಕ್ಸ್ ಮ್ಯಾನ್ಯುಯಲ್ಲಲ್ಲೂ ಅಂಥದ್ದೇ ಪ್ರಾಮಾಣಿಕತೆ. ಅದನ್ನ ಕಟ್ಟಿದ ಥಾಂಪ್ಸನ್ ಮತ್ತು ರಿಚಿ, ಕಮಾಂಡಿನ ವಿವರ ಬರೆದು ಕೆಳಗೆ 'ಬಗ್ಸ್' ಅಂತ ತಲೆಬರಹ ಕೊಟ್ಟು ಅದರ ಹುಳುಕನ್ನ ತಾವೇ ಬರೆದಿಟ್ಟಿದ್ರು. ಈಗಿನ ಆಪ್‌ಗಳು? 'ಸಣ್ಣಪುಟ್ಟ ದೋಷ ಸರಿಪಡಿಸಲಾಗಿದೆ' ಅಂತ ಒಂದೇ ಸಾಲು. ಯಾವ ದೋಷ, ಎಲ್ಲಿತ್ತು, ಒಂದೂ ಇಲ್ಲ! ಒಂದು ಕಡೆ ನಿಂತಿದ್ದು ಬೇಕಂದ್ರೆ, ನಮ್ಮ ಅಂಗಡೀಲಿ ಕೀಬೋರ್ಡ್ ಚಾರ್ಟ್ ನೋಡಿದೀರಲ್ಲ, ಕನ್ನಡ ಟೈಪಿಂಗಿನ 'ನುಡಿ'ದು? ಕೆ.ಪಿ. ರಾವ್ ಅವರ ವಿನ್ಯಾಸ. ಒತ್ತಕ್ಷರ ಬೇಕಂದ್ರೆ ನಡುವೆ ಎಫ್. ಲ್ಯಾಮಿನೇಶನ್ ಹಳದಿಯಾಗಿ ಅಂಚು ಕಿತ್ತಿದೆ, ಹೊಸ ಹುಡುಗಿ ಬಂದ್ರೆ ಇವತ್ತೂ ಅದನ್ನ ನೋಡ್ಕೊಂಡೇ ಕಲಿಯೋದು. ಕೀಲಿಗಳು ಜಾಗ ಬದಲಾಯಿಸಿಲ್ಲ ನೋಡಿ, ಅದಕ್ಕೇ."

"ನನ್ನ ಪಾಡು ಕೇಳಿ. ದೇವಸ್ಥಾನದ ಲೆಕ್ಕದ ಸಾಫ್ಟ್‌ವೇರಲ್ಲಿ ರಸೀದಿ ಪ್ರಿಂಟಿನ ಬಟನ್ ಎದುರಿಗೇ ಇತ್ತು. ಮೊನ್ನೆ ಅಪ್‌ಡೇಟ್ ಆಗಿ ಮೂರು ಚುಕ್ಕಿಯೊಳಗೆ ಹೋಗಿ ಕೂತಿದೆ. ಅಭಿಷೇಕ ಮಾಡಿಸಿದವರು ಎದುರಿಗೆ ನಿಂತಿದಾರೆ, ನಾನು ಬಟನ್ ಹುಡುಕ್ತಾ ಇದೀನಿ. ಕೊನೆಗೆ ಸೊಸೆ ಸ್ಕ್ರೀನ್‌ಶಾಟಿಗೆ ಕೆಂಪು ಸುತ್ತು ಹಾಕಿ ವಾಟ್ಸಾಪ್ ಮಾಡಿದ್ಲು."

"ಅದೇ ಈಗಿನ ಮ್ಯಾನ್ಯುಯಲ್ಲು. ಅಂಗಡಿಗೆ ತನ್ನಿ, ಪ್ರಿಂಟ್ ತೆಗೆದು ಕೊಡ್ತೀನಿ. ಕಲರ್ ಪ್ರಿಂಟೇ ಆಗ್ಬೇಕು, ಇಲ್ಲಾಂದ್ರೆ ಕೆಂಪು ಸುತ್ತು ಎದ್ದು ಕಾಣಲ್ಲ."

"ಲ್ಯಾಮಿನೇಶನ್ನೂ ಮಾಡ್ಸಿಬಿಡ್ಲಾ?"

"ಬೇಡ ಮೇಷ್ಟ್ರೇ, ದುಡ್ಡು ದಂಡ. ಮುಂದಿನ ಅಪ್‌ಡೇಟ್ ಬರೋ ತನಕ ತಡೆದ್ರೆ ಸಾಕಲ್ಲ."