ಫಲಕ ಯಾವ ದಿಕ್ಕಿಗೆ?

ವೃದ್ಧಾಶ್ರಮದ ತಾರಸಿಯ ಮೇಲೆ 2000 ಲೀಟರಿನ ಸೋಲಾರ್ ವಾಟರ್ ಹೀಟರ್ ಕೂರಿಸಲು ಸೇರಿದ್ದ ಧರ್ಮದರ್ಶಿಗಳ ಸಭೆಯಲ್ಲಿ, ಬಿಸಿಲನ್ನು ಹೀರಿ ನೀರಿಗೆ ಶಾಖ ದಾಟಿಸುವ ಗಾಜುಹೊದಿಕೆಯ ಪೆಟ್ಟಿಗೆಗಳು, ಅಂದರೆ ಸೌರ ಫಲಕಗಳು, ದಕ್ಷಿಣಕ್ಕೆ ಮುಖ ಮಾಡಿರಬೇಕೆಂದು ಎಂಜಿನಿಯರು ವಿವರಿಸಿದಾಗ, ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು.

“ರಸ್ತೆ ಇರುವುದು ಉತ್ತರಕ್ಕಲ್ಲವೇ? ದಾನಿಗಳ ಹೆಸರು ಯಾರಿಗೆ ಕಾಣಬೇಕು?”

“ಸೂರ್ಯನಿಗೆ ಕಾಣುತ್ತದೆ, ಸಾರ್.”

“ಸೂರ್ಯ ಚಂದಾ ಕೊಡುತ್ತಾನೇನ್ರೀ?”

ಕಾದ ನೀರು ಹಗುರವಾಗಿ ಪಂಪಿನ ಹಂಗಿಲ್ಲದೆ ಮೇಲೇರುವ ಥರ್ಮೋಸೈಫನ್ ಕ್ರಮದಲ್ಲಿ ಟ್ಯಾಂಕು ಫಲಕಕ್ಕಿಂತ ಎತ್ತರದಲ್ಲಿರಬೇಕು, ಬೋರ್‌ವೆಲ್ಲಿನ ಗಡಸು ನೀರು ಕೊಳವೆಗಳೊಳಗೆ ಸುಣ್ಣ ಕಟ್ಟುತ್ತದೆ ಎಂಬ ಮಾತುಗಳೆಲ್ಲ ಬೋಂಡಾ ತಟ್ಟೆಗಳ ಸದ್ದಿನಲ್ಲಿ ಮುಳುಗಿದವು. ಉದ್ಘಾಟನೆಗೆ ಮಂತ್ರಿಗಳನ್ನು ಕರೆಯುವುದು ಮಾತ್ರ ಸರ್ವಾನುಮತದಿಂದ ತೀರ್ಮಾನವಾಯಿತು.

“ಮೋಡ ಕವಿದ ಆಷಾಢದಲ್ಲಿ ಅಜ್ಜಿಯರ ಸ್ನಾನಕ್ಕೇನು ಮಾಡೋದು, ಸ್ವಾಮಿ?” ಎಂದು ಅಡುಗೆಯಾಕೆ ಬಾಗಿಲಲ್ಲೇ ನಿಂತು ಕೇಳಿದಳು.

“ಆಷಾಢದಲ್ಲಿ ಉದ್ಘಾಟನೆ ಇಟ್ಟುಕೊಳ್ಳುವುದಿಲ್ಲಮ್ಮ,” ಎಂದು ಅಧ್ಯಕ್ಷರು ಭರವಸೆ ಕೊಟ್ಟರು.