ಅರ್ಧ ಎಚ್‌ಪಿ ನುಚ್ಚು: ಬಳಸುವವರಿಗೆ ಕೈಪಿಡಿ

ಪ್ಲಗ್ ಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ನಾನು ಓದಿರಲಿಲ್ಲ; ಆಗಿನ್ನೂ ಬರೆದಿರಲಿಲ್ಲ.

1. ಕಾನೂನು

ಬಿಯರಿಗೆ ಕಾಳು ಒಡೆಯುವ ಈ ಯಂತ್ರ ಇರುವುದು ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ, ನಮ್ಮ ಗ್ಯಾರೇಜಿನೊಳಗೆ. ಮನೆ ಬಳಕೆಗೆ ತೆರಿಗೆಯಿಲ್ಲದೆ ಬಿಯರ್ ಮಾಡಿಕೊಳ್ಳಬಹುದೆಂಬ ಕಾನೂನಿಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ್ದು 1978ರ ಅಕ್ಟೋಬರಿನಲ್ಲಿ. ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಒಪ್ಪಿದ್ದು 2013ರಲ್ಲಿ. ನಮ್ಮ ಅವ್ವ ಇನ್ನೂ ಒಪ್ಪಿಲ್ಲ. ಧಾರವಾಡದಿಂದ ಬಂದಿರುವ ಅವಳಿಗೆ ‘ಬಾರ್ಲಿ ನೀರು’ ಎಂದು ಹೇಳಲಾಗಿದೆ.

2. ಉದ್ದೇಶ

ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯೇ ಮಾಲ್ಟ್. 20 ಲೀಟರ್ ಬಿಯರಿಗೆ ಸುಮಾರು 5 ಕಿಲೊ ಬೇಕು. ಅದನ್ನು ಬೀಸಬಾರದು, ಒಡೆಯಬೇಕು. ಒಳಗಿನ ಪಿಷ್ಟ 66 ಡಿಗ್ರಿ ಬಿಸಿನೀರಿನಲ್ಲಿ ಒಂದು ತಾಸು ಕೂತು ಸಕ್ಕರೆಯಾಗಬೇಕಾದರೆ ಕಾಳು ನುಚ್ಚಾಗಿರಬೇಕು. ಆ ಸಿಹಿನೀರು ಬಸಿಯಬೇಕಾದರೆ ಹೊಟ್ಟು ಇಡಿಯಾಗಿರಬೇಕು. ಇಲ್ಲಿ ಹೊಟ್ಟೇ ಜರಡಿ. ಹಿಟ್ಟಾಯಿತೋ, ಪಾತ್ರೆಯ ತಳದಲ್ಲಿ ಅಂಬಲಿ ಗಟ್ಟಿಯಾಗಿ ಕೂತು ನಲ್ಲಿಯಿಂದ ಒಂದು ಹನಿಯೂ ಇಳಿಯದು. ಗಿರಣಿಯವನಿಗೆ ‘ಸಣ್ಣಗೆ ಬೀಸಿಕೊಡು’ ಎನ್ನುತ್ತ ಬೆಳೆದವರು ಆ ಅಭ್ಯಾಸವನ್ನು ಗ್ಯಾರೇಜಿನ ಹೊರಗೆ ಬಿಟ್ಟು ಬರತಕ್ಕದ್ದು.

3. ಸಾಮಗ್ರಿ

ಉಕ್ಕಿನ ರೋಲರ್ ಎರಡು, ಮೈಮೇಲೆ ಗೀರು ಹಾಕಿಸಿದವು. ಒಂದನ್ನು ಮೋಟಾರು ತಿರುಗಿಸುತ್ತದೆ, ಇನ್ನೊಂದನ್ನು ಕಾಳೇ ಎಳೆದುಕೊಂಡು ತಿರುಗಿಸುತ್ತದೆ. ಇದಕ್ಕೆ ಲೇತ್ ಇರುವ ಗೆಳೆಯ ಬೇಕು. ಇಲ್ಲದಿದ್ದರೆ ಮಾಡಿಕೊಳ್ಳಿ, ಏನು ತಯಾರಾಗಲಿದೆ ಎಂದು ಹೇಳಿದರೆ ಗೆಳೆತನ ಬೇಗ ಕುದುರುತ್ತದೆ.

ಅರ್ಧ ಎಚ್‌ಪಿ ಮೋಟಾರು, ಮೈ ಪೂರ್ತಿ ಮುಚ್ಚಿರುವಂಥದ್ದು. ಧಾನ್ಯದ ಧೂಳು ಗಾಳಿಯಲ್ಲಿ ದಟ್ಟವಾದರೆ ಒಂದು ಕಿಡಿಗೆ ಸಿಡಿಯುತ್ತದೆ. ಈ ವಾಕ್ಯದಲ್ಲಿ ತಮಾಷೆ ಇಲ್ಲ.

ಪುಲ್ಲಿ ಎರಡು: ಮೋಟಾರಿಗೆ ಒಂದೂವರೆ ಇಂಚಿನದು, ರೋಲರಿಗೆ 12 ಇಂಚಿನದು. ಇಲ್ಲಿನ ಮೋಟಾರು ನಿಮಿಷಕ್ಕೆ 1,725 ಸುತ್ತು; ಎಂಟರಿಂದ ಭಾಗಿಸಿದರೆ ಸುಮಾರು 215. ಅದಕ್ಕಿಂತ ಬಹಳ ಜೋರಾದರೆ ಹೊಟ್ಟು ಹರಿಯುತ್ತದೆ.

ಉಳಿದಂತೆ ವಿ-ಬೆಲ್ಟು, ಬೆಲ್ಟಿಗೊಂದು ಮುಚ್ಚಿಗೆ, ಪ್ಲೈವುಡ್ಡು, ಬಕೆಟ್ಟು.

4. ಜೋಡಣೆ

ರೋಲರುಗಳ ನಡುವೆ ಒಂದು ಮಿಲಿಮೀಟರ್ ಸಂದು ಬಿಡಿ. ಗೇಜು ಇಲ್ಲದಿದ್ದರೆ ಕ್ರೆಡಿಟ್ ಕಾರ್ಡ್ ತೂರಿಸಿ. ಅದರ ದಪ್ಪ 0.76 ಮಿಲಿಮೀಟರ್, ತುಸು ಸಡಿಲವಾಗಿ ಜಾರಬೇಕು. ಈ ಹಂತಕ್ಕೆ ಬರುವಷ್ಟರಲ್ಲಿ ಆ ಕಾರ್ಡಿಗೆ ಬೇರೆ ಉಪಯೋಗ ಉಳಿದಿರುವುದಿಲ್ಲ.

ಪುಲ್ಲಿಯ ಸ್ಕ್ರೂ ಶಾಫ್ಟಿನ ಚಪ್ಪಟೆ ಮಗ್ಗುಲಿಗೆ ಕೂರಬೇಕು. ದುಂಡು ಮಗ್ಗುಲಿಗೆ ಕೂರಿಸಿದರೆ ಶಾಫ್ಟು ತಿರುಗುತ್ತದೆ, ಪುಲ್ಲಿ ನಿಂತು ನೋಡುತ್ತದೆ.

5. ಮೊದಲ ಚಾಲನೆ

ಗುಂಡಿ ಒತ್ತಿ. ಕಾಳು ಕೆಳಗಿಳಿಯದೆ ಬಿಸಿ ಬಾಣಲೆಯ ಜೋಳದಂತೆ ಅಲ್ಲೇ ಕುಣಿದರೆ ಮೋಟಾರು ಉಲ್ಟಾ ತಿರುಗುತ್ತಿದೆ ಎಂದರ್ಥ. ಪ್ಲಗ್ ಕಿತ್ತು, ಮೋಟಾರಿನ ಮುಚ್ಚಳ ತೆಗೆದು, ಅಲ್ಲಿ ಬರೆದಿರುವಂತೆ ಎರಡು ತಂತಿ ಅದಲುಬದಲು ಮಾಡಿದರೆ ಸಾಕು. ನಾನು ಮುಚ್ಚಳ ತೆಗೆಯಲಿಲ್ಲ. ಇಡೀ ಮೋಟಾರನ್ನೇ ಬಿಚ್ಚಿ, ಹಿಂದುಮುಂದು ಮಾಡಿ ಕೂರಿಸಿದೆ. ತಿರುಗುವ ದಿಕ್ಕು ಸರಿಹೋಯಿತು, ಶನಿವಾರ ಹೋಯಿತು.

6. ಗುಣಮಟ್ಟ ಪರೀಕ್ಷೆ

ನಮ್ಮ ಮೊದಲ ನುಚ್ಚಿನಲ್ಲಿ ಹೊಟ್ಟು ಚೂರುಚೂರು. ಸಂದು ಹಿಗ್ಗಿಸಿದರೆ ಒಡೆಯದ ಕಾಳು, ಕುಗ್ಗಿಸಿದರೆ ಹಿಟ್ಟು. ಮೂರನೆಯ ವಾರವೂ ಗೇಜು ಹಿಡಿದು ಕೂತಿದ್ದಾಗ ಅವ್ವ ಶಾಲು ಹೊದ್ದು ಗ್ಯಾರೇಜಿಗೆ ಬಂದಳು. (ಎಚ್ಚರಿಕೆ: ಶಾಲನ್ನು ಬೆಲ್ಟಿನ ಹತ್ತಿರ ಬಿಡತಕ್ಕದ್ದಲ್ಲ.) ಬಕೆಟ್ಟಿಗೆ ಕೈ ಹಾಕಿ ಒಂದು ಚಿಟಿಕೆ ಎತ್ತಿ ಅಂಗೈಯಲ್ಲಿ ತಿಕ್ಕಿದಳು, ಉಫ್ ಎಂದು ಊದಿದಳು, ಉಳಿದದ್ದನ್ನು ನೋಡಿದಳು.

“ನೀರ ಹೊಡದೀಯೇನ?”

“ಇಲ್ಲವಾ, ಒಣಾ ಕಾಳು.”

“ಹುಗ್ಗಿಗೆ ಗೋದಿ ಕುಟ್ಟೂದ ನೋಡಿಲ್ಲೇನ ನೀನು? ನೀರ ಚಿಮುಕಿಸಿ ತುಸು ಹೊತ್ತ ಬಿಟ್ಟ ಒಳ್ಳಾಗ ಹಾಕತೇವಿ. ಸಿಪ್ಪಿ ಮೆತ್ತಗಾಗಿ ಇಡಿಯಾಗಿ ಬಿಡತೈತಿ.”

ಪಾತ್ರೆಯಲ್ಲಿ ಕೈ ಅದ್ದಿ ಅದ್ದಿ ಚಿಮುಕಿಸಿ, ಕಾಳನ್ನು ಮೇಲೆ ಕೆಳಗೆ ಮಾಡಿದಳು. ಅವಳು ಅತ್ತ ತಿರುಗಿದಾಗ ಪಾತ್ರೆ ತೂಗಿದೆ. 5 ಕಿಲೊ ಕಾಳಿಗೆ 90 ಗ್ರಾಂ ನೀರು ಹೋಗಿತ್ತು. ಬ್ರೂವರಿಗಳೂ ಮಾಲ್ಟ್ ಒಡೆಯುವ ಮುನ್ನ ಹೀಗೇ ನೀರೋ ಹಬೆಯೋ ತೋರಿಸುತ್ತವೆ, ತೂಕದ ನೂರಕ್ಕೆ ಒಂದೆರಡು ಪಾಲಿನಷ್ಟು ಎಂದು ಆಮೇಲೆ ಓದಿ ತಿಳಿದೆ. ಅರ್ಧ ತಾಸು ಬಿಟ್ಟು ಗುಂಡಿ ಒತ್ತಿದರೆ ಸಂದು ಅದೇ, ಪುಲ್ಲಿ ಅದೇ; ಹೊಟ್ಟು ಮಾತ್ರ ಪುಟ್ಟ ದೋಣಿಗಳಂತೆ ಇಡಿಯಾಗಿ ಬಿತ್ತು.

7. ದೋಷ ಮತ್ತು ಪರಿಹಾರ

ಬೆಲ್ಟು ಕಿರುಚುತ್ತಿದೆ, ರೋಲರ್ ನಿಂತಿದೆ: ನಡುವೆ ಕಲ್ಲು ಸಿಕ್ಕಿದೆ. ಪ್ಲಗ್ ಕಿತ್ತು ಕಲ್ಲು ತೆಗೆಯಿರಿ. ಇನ್ನು ಮುಂದೆ ಕಾಳು ಹಸನು ಮಾಡಿ ಹಾಕಿ.

ರೋಲರಿಗೆ ತುಕ್ಕು: ನೀರು ಹೆಚ್ಚಾಗಿದೆ. ಕೊನೆಗೊಂದು ಬೊಗಸೆ ಒಣ ಕಾಳು ಓಡಿಸಿ.

ಬಸಿದ ಮೇಲೆ ರಾಶಿ ಹೊಟ್ಟು ಉಳಿದಿದೆ: ಎಮ್ಮೆ ಇಲ್ಲದ ಊರು ಎಂದು ಅವ್ವ ಮರುಗುತ್ತಾಳೆ. ಸದ್ಯಕ್ಕೆ ಪಕ್ಕದ ಮನೆಯವರ ಕೋಳಿಗಳಿವೆ.

8. ಖಾತರಿ

ಯಂತ್ರಕ್ಕೆ ಖಾತರಿ ಇಲ್ಲ. ತಜ್ಞರ ಸೇವೆ ಆರು ತಿಂಗಳು ಮಾತ್ರ. ವಿಮಾನ ನಿಲ್ದಾಣದಲ್ಲಿ ಅವ್ವನಿಗೆ ಕೊಟ್ಟ ಅವಧಿ ಅಷ್ಟೇ. ನಾಲ್ಕು ಮುಗಿದಿವೆ. ಸೇವೆಗೆ ಶುಲ್ಕವಿಲ್ಲ. ಆದರೆ ಮೊನ್ನೆ ತಜ್ಞರು, “ಬಾರ್ಲಿ ನೀರಿಗೆ ಬುರುಗ ಯಾಕ ಬರತೈತೋ?” ಎಂದು ಕೇಳಿದ್ದಾರೆ. ಈ ದೋಷದ ಪರಿಹಾರವನ್ನು ಮುಂದಿನ ಆವೃತ್ತಿಯಲ್ಲಿ ಸೇರಿಸಲಾಗುವುದು.